ತೊಳೆದದ್ದೋ, ಬಫರ್ ಮಾಡಿದ್ದೋ? ಒಳಾಂಗಣ ಗಿಡಗಳಿಗೆ ಕೋಕೋಪೀಟ್ ಬಳಸಿದ ಅನುಭವ

ಮನೆಯೊಳಗಿನ ಗಿಡಗಳಿಗೆ ಮಣ್ಣು ಬಿಟ್ಟು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಬಳಸತೊಡಗಿ ಕೆಲವು ವರ್ಷಗಳೇ ಆದವು. ಮತ್ತೆ ಮಣ್ಣಿಗೆ ಮರಳುವ ಯೋಚನೆಯಿಲ್ಲ. ಆದರೆ ಚೀಲದ ಮೇಲಿನ ಮಾತುಗಳಿಗೆ ಈಗ ಮರುಳಾಗುವುದಿಲ್ಲ. ‘ನೈಸರ್ಗಿಕ’, ‘ನೀರು ಹಿಡಿದಿಡುತ್ತದೆ’ ಎಂಬುದು ಯಾವ ತೆಂಗಿನ ನಾರಿನ ಪುಡಿಗೂ ಸಲ್ಲುವ ಹೊಗಳಿಕೆ. ನಾನು ಹುಡುಕುವುದು ಒಂದೇ ಸಂಗತಿಯನ್ನು: ಬಫರ್ ಮಾಡಿದ್ದಾರೆಯೇ?

ತೆಂಗಿನ ಸಿಪ್ಪೆಯಲ್ಲಿ ಪೊಟ್ಯಾಸಿಯಂ, ಸೋಡಿಯಂ ಸಹಜವಾಗಿಯೇ ಇರುತ್ತವೆ. ಸಿಪ್ಪೆಯನ್ನು ಉಪ್ಪುನೀರಿನಲ್ಲಿ ಕೊಳೆಹಾಕಿದ್ದರಂತೂ ಇನ್ನಷ್ಟು. ಬರಿಯ ನೀರಿನಲ್ಲಿ ತೊಳೆದರೆ ಕರಗುವ ಉಪ್ಪು ಹೋಗುತ್ತದೆ, ಕಣಗಳಿಗೆ ಕಚ್ಚಿಕೊಂಡದ್ದು ಹೋಗುವುದಿಲ್ಲ. ಅದನ್ನು ಎಬ್ಬಿಸಿ ಆ ಜಾಗದಲ್ಲಿ ಕ್ಯಾಲ್ಸಿಯಂ ಕೂರಿಸಲೆಂದೇ ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ನೆನೆಹಾಕುವುದು. ಬಫರ್ ಮಾಡುವುದೆಂದರೆ ಇದೇ. ಈ ಕೆಲಸ ಆಗದ ಪುಡಿ, ನಾವು ಗಿಡಕ್ಕೆಂದು ಕೊಟ್ಟ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತಾನೇ ನುಂಗುತ್ತದೆ. ಚಿಗುರು ಮುರುಟುತ್ತದೆ, ಹಳೆಯ ಎಲೆಗಳಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಿನ ಜಾಗ ಹಳದಿಯಾಗುತ್ತದೆ. ಇದನ್ನು ರೋಗವೆಂದು ತಿಳಿದು ಔಷಧಿ ಸಿಂಪಡಿಸುವವರಿದ್ದಾರೆ. ಪಾಪ, ಗಿಡಕ್ಕೆ ಆಗಿರುವುದು ಹಸಿವು.

ಒತ್ತಿ ಇಟ್ಟಿಗೆಯಾಗಿಸಿದ್ದು, ಸಡಿಲವಾಗಿ ಚೀಲದಲ್ಲಿ ಬರುವುದು ಎರಡನ್ನೂ ಬಳಸಿದ್ದೇನೆ. 5 ಕಿಲೋ ಇಟ್ಟಿಗೆ ನೆನೆದರೆ ಸುಮಾರು 60ರಿಂದ 75 ಲೀಟರ್ ಆಗುತ್ತದೆ. ಲಾಭವೇ, ಆದರೆ ತೊಳೆಯುವ ರಗಳೆ ನಮ್ಮ ಪಾಲಿಗೆ. ನೀರು ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಅದು ಟ್ಯಾನಿನ್, ಸಿಪ್ಪೆಯಲ್ಲೇ ಇರುವ ಬಣ್ಣದ ಅಂಶ. ಬಣ್ಣ ತಿಳಿಯಾದರೆ ಉಪ್ಪು ಹೋಯಿತೆಂದೂ ಅಲ್ಲ. ಪುಡಿಯನ್ನು ಹಿಂಡಿದ ನೀರಿಗೆ ಕರಗಿದ ಉಪ್ಪನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿದರಷ್ಟೇ ನಿಜ ಹೊರಬೀಳುತ್ತದೆ. ತೀರಾ ನುಣ್ಣನೆಯ ಪುಡಿ ಒದ್ದೆಯಾಗಿ ಕೂತು ಬೇರಿಗೆ ಗಾಳಿಯಾಡಗೊಡುವುದಿಲ್ಲ. ಅದಕ್ಕಾಗಿ ಮೂರನೇ ಒಂದು ಪಾಲಿನಷ್ಟು ಪರ್ಲೈಟ್ (ಹಗುರವಾದ ಬಿಳಿಯ ಖನಿಜದ ಹರಳು) ಬೆರೆಸುತ್ತೇನೆ.

ತಾಯಿಗಿಡದಿಂದ ಕತ್ತರಿಸಿ, ನೀರಿನಲ್ಲಿಟ್ಟು ಬೇರು ಬರಿಸಿದ ತುಂಡುಗಳನ್ನು ನಾಟಿ ಮಾಡುವಾಗ ಈ ಮಾಧ್ಯಮದ ಗುಣ ಚೆನ್ನಾಗಿ ಗೊತ್ತಾಗುತ್ತದೆ. ಮನಿ ಪ್ಲಾಂಟ್, ಕೋಲಿಯಸ್‌ಗಳ ಬೇರು ಎರಡು ಮೂರು ಸೆಂಟಿಮೀಟರ್ ಬೆಳೆದು, ಪಕ್ಕದಲ್ಲಿ ಎಳೆಗಳು ಒಡೆಯುವಾಗ ಎತ್ತುತ್ತೇನೆ. ನೀರಿನಲ್ಲೇ ಬಿಟ್ಟಷ್ಟೂ ಬೇರು ಉದ್ದವಾಗುತ್ತದೆ, ಮುಟ್ಟಿದರೆ ಮುರಿಯುವಂತಾಗುತ್ತದೆ. ಪುಡಿಗೆ ಮೊದಲೇ ಪಿಎಚ್ 5.8ರಿಂದ 6.2ರ ನಡುವಿನ ತೆಳುವಾದ ಗೊಬ್ಬರದ ನೀರು ಕುಡಿಸಿರುತ್ತೇನೆ. ಕಾಂಡವನ್ನು ಎರಡು ಬೆರಳಲ್ಲಿ ಹಿಡಿದು, ಬೇರು ಕುಂಡದೊಳಗೆ ಇಳಿಬಿದ್ದಿರುವಂತೆಯೇ ಸುತ್ತಲೂ ಪುಡಿ ಉದುರಿಸಬೇಕು. ಅದುಮಬಾರದು. ಮೇಲಿನಿಂದ ಹನಿಸಿದ ನೀರೇ ಪುಡಿಯನ್ನು ಎಳೆದು ಬೇರಿನ ಸಂದುಗಳಿಗೆ ಸೇರಿಸುತ್ತದೆ. ಕುಂಡ ಚಿಕ್ಕದಿರಲಿ. ಮೊದಲ ಕೆಲವು ದಿನ ಎಲೆ ಜೋತುಬಿದ್ದರೆ ಪಾರದರ್ಶಕ ಡಬ್ಬಿ ಮುಚ್ಚಿ, ಬಿಸಿಲು ನೇರವಾಗಿ ಬೀಳದ ಕಡೆ ಇಟ್ಟರೆ ಸಾಕು, ಮತ್ತೆ ಮತ್ತೆ ನೀರೆರೆಯುವುದು ಬೇಡ.

ದೂರುಗಳೂ ಇವೆ. ಇದರಲ್ಲಿ ಗಿಡ ನಂಬಿ ಬದುಕುವಷ್ಟು ಪೋಷಕಾಂಶವಿಲ್ಲ. ಹೆಚ್ಚುಕಡಿಮೆ ಪ್ರತಿ ಸಲವೂ ನೀರಿನೊಂದಿಗೆ ಗೊಬ್ಬರ ಹೋಗಬೇಕು, ಹಾಕಿದ್ದರಲ್ಲಿ ಹತ್ತರಲ್ಲೊಂದು ಪಾಲಾದರೂ ಕೆಳಗಿನಿಂದ ಹರಿದು ಹೋಗಬೇಕು. ಹಾಗೆ ಹೋಗದಿದ್ದರೆ ಕುಂಡದ ಅಂಚಿನಲ್ಲಿ ಬಿಳಿಯ ಉಪ್ಪು ಕಟ್ಟುತ್ತದೆ. ಮೇಲ್ಪದರ ಒಣಗಿದಂತೆ ಕಂಡರೂ ಒಳಗೆ ತೇವವಿರುತ್ತದೆ, ಆದ್ದರಿಂದ ಕುಂಡವನ್ನು ಎತ್ತಿ ತೂಕ ನೋಡುವುದೇ ಲೇಸು. ಸದಾ ಒದ್ದೆಯಿಟ್ಟರೆ ಸಣ್ಣ ಕಪ್ಪು ನೊಣಗಳು ಸಂಸಾರ ಹೂಡುತ್ತವೆ. ವಾರಕ್ಕೊಮ್ಮೆ ನೀರು ಹಾಕಿ ಮರೆತುಬಿಡುವವರು ಇದರ ಸಹವಾಸಕ್ಕೆ ಬರದಿರುವುದೇ ಒಳ್ಳೆಯದು.

ಬಳಸಿದ ಪುಡಿಯಿಂದ ಹಳೆಯ ಬೇರು ಆಯ್ದು, ತೊಳೆದು, ಮತ್ತೆ ಬಫರ್ ಮಾಡಿ ಇನ್ನೊಂದು ಸುತ್ತು ದುಡಿಸಿಕೊಳ್ಳುತ್ತೇನೆ. ಬೇರು ಕೊಳೆತು ಸತ್ತ ಗಿಡದ ಪುಡಿಯನ್ನು ಮಾತ್ರ ಮತ್ತೆ ಯಾವ ಕುಂಡಕ್ಕೂ ಹಾಕುವುದಿಲ್ಲ.