ಹಳೇ ಬ್ರೆಡ್ಡಿನ ಕ್ರೂಟಾನ್: ಕಾವಲಿ, ಏರ್ ಫ್ರೈಯರ್, ಒಟಿಜಿ ಮೂರರಲ್ಲೂ ಮಾಡಿ ನೋಡಿದೆ

ನಮ್ಮ ಮನೆಗೆ ಬ್ರೆಡ್ ಬರುವುದು ಯಾರಿಗಾದರೂ ಜ್ವರ ಬಂದಾಗ, ಇಲ್ಲವೇ ಮಗಳು ಹಾಸ್ಟೆಲಿನಿಂದ ಬಂದಾಗ. ತೀರ್ಥಹಳ್ಳಿ ಪೇಟೆಯಿಂದ ತಂದ 400 ಗ್ರಾಂ ಪ್ಯಾಕೆಟ್ಟಿನಲ್ಲಿ ಅರ್ಧ ಖರ್ಚಾಗುತ್ತದೆ. ಉಳಿದರ್ಧ ಮಳೆಗಾಲದಲ್ಲಿ ಬೂಷ್ಟು ಹಿಡಿದು ಗೊಬ್ಬರದ ಗುಂಡಿ ಸೇರುತ್ತಿತ್ತು. ದುಡ್ಡು ಕೊಟ್ಟು ತಂದ ತಿನ್ನುವ ಪದಾರ್ಥವನ್ನು ಗುಂಡಿಗೆ ಹಾಕುವಾಗ ಪ್ರತಿ ಸಲವೂ ಮನಸ್ಸಿಗೆ ಕಸಿವಿಸಿ. ಈ ವರ್ಷ ಮಗಳು, "ಅಮ್ಮ, ಸೂಪಿನ ಮೇಲೆ ಗರಿಗರಿ ಬ್ರೆಡ್ ಚೂರು ಹಾಕ್ತಾರಲ್ಲ, ಅದನ್ನ ಮಾಡು" ಅಂದಳು. ಅದೇ ಕ್ರೂಟಾನ್. ಅತ್ತೆಯ ಬಾಯಲ್ಲಿ ಅದು ಬ್ರೆಡ್ ಚೂರು ಅಂತಲೇ ಉಳಿದಿದೆ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ದೋಸೆ ಹುಯ್ಯುವ ಬೀಡಿನ ಕಾವಲಿಗೆ. 4,800 ರೂಪಾಯಿ ಕೊಟ್ಟು ಏರ್ ಫ್ರೈಯರ್ ತಂದು, ಶಿವಮೊಗ್ಗದ ವಿನೋಬನಗರದಲ್ಲಿರುವ ನಾದಿನಿಯ ಮನೆಯ ಒಟಿಜಿಯಲ್ಲೂ (ಓವನ್, ಟೋಸ್ಟರ್, ಗ್ರಿಲ್ ಮೂರೂ ಆಗುವ ಕರೆಂಟಿನ ಒಲೆ) ಮಾಡಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು.

ಬ್ರೆಡ್ಡಿನ ವಿಷಯಕ್ಕೆ ಮೊದಲು ಬರಬೇಕು, ಯಾಕೆಂದರೆ ಅರ್ಧ ಕೆಲಸ ಅಲ್ಲೇ ಇದೆ. ಬ್ರೆಡ್ ಹಳತಾಗುವುದು ಅಂದರೆ ಬರೀ ನೀರಾರುವುದಲ್ಲ. ಬೇಯುವಾಗ ಮೆತ್ತಗಾದ ಹಿಟ್ಟಿನ ಪಿಷ್ಟ, ಆರಿದ ಮೇಲೆ ನಿಧಾನಕ್ಕೆ ಮತ್ತೆ ಗಟ್ಟಿಯಾಗುತ್ತಾ ಬರುತ್ತದೆ. ಫ್ರಿಜ್ಜಿನ ಥಂಡಿಯಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಹಾಗೇ ತಿನ್ನುವ ಬ್ರೆಡ್ಡನ್ನು ಫ್ರಿಜ್ಜಿನಲ್ಲಿ ಇಡಬೇಡಿ ಅನ್ನುವುದು ಇದೇ ಕಾರಣಕ್ಕೆ. ಕ್ರೂಟಾನಿಗೆ ಮಾತ್ರ ಅದೇ ಅನುಕೂಲ. ಹೊರಗಿಟ್ಟರೆ ನಮ್ಮ ಆರಿದ್ರಾ, ಪುಷ್ಯ ಮಳೆಗೆ ಬ್ರೆಡ್ ಒಣಗುವುದಕ್ಕೆ ಮೊದಲೇ ಬೂಷ್ಟು ಬರುತ್ತದೆ. ಫ್ರಿಜ್ಜಿನಲ್ಲಿ ಎರಡು ರಾತ್ರಿ ಇಟ್ಟರೆ ಬೂಷ್ಟಿನ ಭಯವಿಲ್ಲ, ಚಾಕು ಇಟ್ಟರೆ ಹಿಂಡಿದ ಹಾಗಾಗದೆ ನೀಟಾಗಿ ಚೌಕ ಬರುತ್ತದೆ. ಒಂದು ಚುಕ್ಕೆ ಬೂಷ್ಟು ಕಂಡರೂ ಇಡೀ ಪ್ಯಾಕೆಟ್ಟನ್ನೇ ಬಿಸಾಕಬೇಕು. ಕಣ್ಣಿಗೆ ಕಾಣದ ಅದರ ಎಳೆಗಳು ಬ್ರೆಡ್ಡಿನ ಒಳಗೆಲ್ಲ ಇಳಿದಿರುತ್ತವೆ. ಹುರಿದರೆ ಸರಿಹೋಗುತ್ತದೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇನ್ನು ಏರ್ ಫ್ರೈಯರ್. ಆರು ನಿಮಿಷದಲ್ಲಿ ಕ್ರೂಟಾನ್ ತಯಾರು ಅಂತ ಅದರ ಜೊತೆ ಬಂದ ಪುಸ್ತಕದಲ್ಲೇ ಅಚ್ಚಾಗಿತ್ತು. ನಾಲ್ಕು ಹೋಳು ಬ್ರೆಡ್ಡನ್ನು ಬೆರಳಗಲದ ಚೌಕ ಮಾಡಿ, ಎಣ್ಣೆ ಸೋಕಿಸದೆ, 180 ಡಿಗ್ರಿಗೆ ಇಟ್ಟೆ. ನಾಲ್ಕನೇ ನಿಮಿಷಕ್ಕೆ ಒಳಗೆ ಟಪಟಪ ಸದ್ದು. ಐದಕ್ಕೆ ಸುಟ್ಟ ವಾಸನೆ. "ಎಂತ ಕರಕಲಾಯ್ತೇ?" ಅಂತ ಅತ್ತೆ ಜಗುಲಿಯಿಂದಲೇ ಕೇಳಿದರು. ಬುಟ್ಟಿ ಎಳೆದು ನೋಡಿದರೆ ಚೂರುಗಳೆಲ್ಲ ಇನ್ನೂ ಹೊಂಬಣ್ಣಕ್ಕೂ ಬಂದಿಲ್ಲ. ಹಾಗಾದರೆ ಸುಟ್ಟಿದ್ದು ಯಾವುದು? ಬಗ್ಗಿ ಟಾರ್ಚ್ ಬಿಟ್ಟು ನೋಡಿದೆ. ಮೇಲೆ ಕಾದು ಕೆಂಪಾಗಿದ್ದ ಕಾಯಿಲಿಗೆ ಮೂರು ಚೂರು ಅಂಟಿ ಇದ್ದಿಲಾಗಿದ್ದವು.

ಆಮೇಲೆ ಯೋಚನೆ ಮಾಡಿದರೆ ಕಾರಣ ಸರಳ. ಈ ಯಂತ್ರದಲ್ಲಿ ಕಾಯಿಲ್ ಮೇಲಿದೆ, ಅದರ ನೆತ್ತಿಗೆ ಫ್ಯಾನ್ ಇದೆ, ಬಿಸಿ ಗಾಳಿ ಬುಟ್ಟಿಯೊಳಗೆ ಸುತ್ತು ಹೊಡೆಯುತ್ತದೆ. ಬ್ರೆಡ್ಡಿನಲ್ಲಿ ನೀರಿರುವಷ್ಟು ಹೊತ್ತು ಚೂರುಗಳು ಭಾರಕ್ಕೆ ಕೂತಿರುತ್ತವೆ. ನೀರಾರಿ ಹಗುರಾದ ತಕ್ಷಣ ಹಾರುತ್ತವೆ. ಅಂದರೆ ಕ್ರೂಟಾನ್ ಸರಿಯಾಗುವ ಹೊತ್ತು, ಹಾರಿ ಸುಡುವ ಹೊತ್ತು ಎರಡೂ ಒಂದೇ. ಹಪ್ಪಳಕ್ಕೂ ಇದೇ ಗತಿ ಆಗುತ್ತದೆ, ಇಟ್ಟು ನೋಡಿದ್ದೇನೆ.

ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿದೆ. ಮೇಲೊಂದು ಸ್ಟೀಲ್ ಜಾಲರಿ ಮುಚ್ಚಿ ಅಂದರು. ಆ ಜಾಲರಿ ನನ್ನ ಮಾಡೆಲ್ಲಿನ ಜೊತೆ ಬರುವುದಿಲ್ಲವಂತೆ, ಬೇರೆ ಕೊಳ್ಳಬೇಕಂತೆ. 350 ರೂಪಾಯಿ ಕೊಟ್ಟು ತರಿಸಿದ ಜಾಲರಿ ಬುಟ್ಟಿಗಿಂತ ಕೂದಲೆಳೆ ಅಗಲ. ಕೊನೆಗೆ ಮನೆಯಲ್ಲಿದ್ದ ತೂತಿನ ತಟ್ಟೆಯನ್ನೇ ಬೋರಲು ಹಾಕಿದೆ. ಚೂರು ಹಾರುವುದು ನಿಂತಿತು, ಜೊತೆಗೆ ಗಾಳಿಯೂ ನಿಂತಿತು. ತಟ್ಟೆಯ ಅಂಚಿನಲ್ಲಿದ್ದವು ಕಂದಾದವು, ನಡುವಿನವು ಬಿಳುಪಾಗೇ ಉಳಿದವು. ತುಪ್ಪ ಸವರಿ ಇಟ್ಟರೆ ಸ್ವಲ್ಪ ಭಾರ ಬರುತ್ತದೆ, ಒಂದಕ್ಕೊಂದು ಅಂಟಿ ಕೂರುತ್ತವೆ. ಅದು ಮುಕ್ಕಾಲು ಪಾಲು ಸರಿಹೋಯಿತು. ಆದರೂ ಒಂದೋ ಎರಡೋ ಮೇಲೇರದೆ ಬಿಡಲಿಲ್ಲ. ಕಾಯಿಲಿನ ಸಂದಿಯಲ್ಲಿ ಕೂತ ಕರಿ ತೆಗೆಯಲು, ತಣ್ಣಗಾದ ಮೇಲೆ ಯಂತ್ರವನ್ನೇ ಬೋರಲು ಮಲಗಿಸಿ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಮುಕ್ಕಾಲು ಗಂಟೆ ಉಜ್ಜಿದೆ. ಮುಂದಿನ ವಾರ ಮಾಡಿದ ಗೆಣಸಿಗೂ ಆ ಕಮಟು ವಾಸನೆ ಇತ್ತು.

ಇಷ್ಟೆಲ್ಲ ಆಗಿಯೂ ಮುಖ್ಯ ದೂರು ಬೇರೆಯೇ ಇದೆ. ಏರ್ ಫ್ರೈಯರಿನ ಚೂರು ಆ ಕ್ಷಣಕ್ಕೆ ಬಾಯಲ್ಲಿ ಕರುಂ ಅನ್ನುತ್ತದೆ. ಡಬ್ಬಿಗೆ ಹಾಕಿಟ್ಟರೆ ಮೂರನೇ ದಿನ ಮೆತ್ತಗೆ. ನಾನು ಮಳೆಯ ಥಂಡಿಗೆ ಹೀಗಾಯಿತು ಅಂದುಕೊಂಡೆ. ಮಾವ ಒಂದು ಹಿಡಿ ಚೂರು ತಗೊಂಡು ಕಿವಿಯ ಹತ್ತಿರ ಕುಲುಕಿ, "ಇದು ಒಳಗೆ ಹಸಿ ಇದ್ದಿತ್ತು ಮಾರಾಯ್ತಿ, ಸದ್ದು ಕೇಳು" ಅಂದರು. ಜೀವನವಿಡೀ ಅಡಿಕೆ ಒಣಗಿಸಿದವರ ಕಿವಿ ಅದು. ಚೊಗರಲ್ಲಿ, ಅಂದರೆ ಅಡಿಕೆಯದೇ ಕೆಂಪು ರಸದಲ್ಲಿ, ಬೇಯಿಸಿದ ಅಡಿಕೆ ಮೇಲೆ ಒಣಗಿ ಒಳಗೆ ಹಸಿ ಉಳಿದರೆ ಚೀಲದಲ್ಲಿ ಕೆಡುತ್ತದೆ ಅಂತ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಇಲ್ಲೂ ಅದೇ. 180 ಡಿಗ್ರಿಯಲ್ಲಿ ಆರು ನಿಮಿಷಕ್ಕೆ ಹೊರಮೈಗೆ ಬಣ್ಣ ಬರುತ್ತದೆ, ನಡುವಿನ ನೀರು ಅಲ್ಲೇ ಇರುತ್ತದೆ. ಡಬ್ಬಿಯಲ್ಲಿ ಆ ನೀರು ಮೆಲ್ಲಗೆ ಹೊರಮೈಗೆ ಬಂದು ಗರಿಯನ್ನು ಕೆಡಿಸುತ್ತದೆ. ಅಂಗಡಿಯ ಬ್ರೆಡ್ಡಿನಲ್ಲಿ ಸಕ್ಕರೆ, ಹಾಲು ಇದ್ದರಂತೂ ಬಣ್ಣ ಇನ್ನೂ ಬೇಗ ಬಂದು ಮೋಸ ಮಾಡುತ್ತದೆ. ಆವತ್ತಿನಿಂದ ನಾನು ಬಣ್ಣ ನೋಡುವುದು ಬಿಟ್ಟು ಸದ್ದು ಕೇಳುತ್ತೇನೆ. ಸ್ಟೀಲ್ ಡಬ್ಬಿಗೆ ನಾಲ್ಕು ಚೂರು ಹಾಕಿ ಕುಲುಕಿದರೆ ಕಟಕಟ ಅನ್ನಬೇಕು. ಮಂದ ಸದ್ದು ಬಂದರೆ ಮತ್ತೆ ಬಿಸಿಗೆ.

ಒಟಿಜಿಯ ಬಗ್ಗೆ ಹೇಳುವುದು ಕಡಿಮೆ, ಯಾಕೆಂದರೆ ತಕರಾರು ಇಲ್ಲ. ನಾದಿನಿಯ ಮನೆಯಲ್ಲಿ ಮೇಲಿನ ಕೆಳಗಿನ ಎರಡೂ ಕಾಯಿಲ್ ಹಾಕಿ, 150 ಡಿಗ್ರಿಗೆ 25 ನಿಮಿಷ ಇಟ್ಟೆವು. ನಡುವೆ ಒಮ್ಮೆ ಮಗುಚಿ, ಕೊನೆಗೆ ಆಫ್ ಮಾಡಿ ಬಾಗಿಲು ಒಂಚೂರು ತೆರೆದು ಬಿಟ್ಟೆವು. ಎಂಟು ಹೋಳು ಒಂದೇ ಸಲಕ್ಕೆ ಮುಗಿಯಿತು. ರಸ್ಕಿನ ಹಾಗೆ ನಡುಮಧ್ಯದವರೆಗೆ ಒಣಗಿದ್ದವು. ಹನ್ನೆರಡು ದಿನ ಗರಿ ಹೋಗಲಿಲ್ಲ, ಆಮೇಲೆ ಖಾಲಿಯಾದವು. 1,200 ವಾಟಿನ ಒಟಿಜಿಗೆ 25 ನಿಮಿಷಕ್ಕೆ ಹೆಚ್ಚೆಂದರೆ ಅರ್ಧ ಯೂನಿಟ್ ಕರೆಂಟು, ಅದು ದೊಡ್ಡ ಮಾತಲ್ಲ. ನಮಗೆ ದೊಡ್ಡ ಮಾತು ಆ 25 ನಿಮಿಷ ಕರೆಂಟು ಹೋಗದೆ ಇರುವುದು. ಆಗುಂಬೆ ನಮಗೆ ದೂರವಿಲ್ಲ. ಗಾಳಿ ಮಳೆಗೆ ಒಂದು ಮರ ಲೈನಿನ ಮೇಲೆ ಬಿದ್ದರೆ ಎರಡು ದಿನ ಕತ್ತಲು, ಕರೆಂಟು ಇದ್ದಾಗಲೂ ಸಂಜೆ ವೋಲ್ಟೇಜ್ ಇರುವುದಿಲ್ಲ.

ಎಣ್ಣೆಯಲ್ಲಿ ಕರಿದೂ ನೋಡಿದೆ. ಸ್ಪಂಜಿನ ಹಾಗೆ ಎಣ್ಣೆ ಕುಡಿಯುತ್ತದೆ, ಇನ್ನೊಮ್ಮೆ ಮಾಡುವುದಿಲ್ಲ.

ಈಗ ನನ್ನ ಕಾವಲಿ. ಭಾನುವಾರ ಬೆಳಿಗ್ಗೆ ನಮ್ಮಲ್ಲಿ ದೋಸೆ ತಪ್ಪುವುದಿಲ್ಲ. ಕೊನೆಯ ದೋಸೆ ಎದ್ದ ಮೇಲೆ ಕಾವಲಿ ಒರೆಸಿ, ಉರಿಯನ್ನು ಪೂರ್ತಿ ಸಣ್ಣ ಮಾಡಿ, ಬ್ರೆಡ್ ಚೂರು ಹರಡುತ್ತೇನೆ. ಬೀಡು ದಪ್ಪ, ಹಿಡಿದ ಕಾವನ್ನು ಬೇಗ ಬಿಡುವುದಿಲ್ಲ. ಅದೇ ಇಲ್ಲಿ ಬೇಕಾದ್ದು. ಮುಚ್ಚಬಾರದು, ಮುಚ್ಚಿದರೆ ಹಬೆ ಅಲ್ಲೇ ಸುತ್ತಿ ಎಲ್ಲ ಮೆತ್ತಗಾಗುತ್ತದೆ. ಒಂದು ಚೂರಿಗೆ ಆರು ಮೈ, ಕಾವಲಿಗೆ ತಾಗುವುದು ಒಂದೇ ಮೈ. ಹಾಗಾಗಿ ಎರಡು ಮೂರು ನಿಮಿಷಕ್ಕೊಮ್ಮೆ ಸಟ್ಟುಗದಲ್ಲಿ ಮಗುಚುತ್ತಾ ಇರಬೇಕು. ಇದೊಂದು ಕಷ್ಟ ನಿಜ. ಆದರೆ ಆ ಹೊತ್ತಿಗೆ ನಾನು ಹೇಗೂ ಒಲೆಯ ಮುಂದೆಯೇ ಇರುತ್ತೇನೆ, ಪಕ್ಕದ ಒಲೆಯಲ್ಲಿ ಮಧ್ಯಾಹ್ನದ ಸಾರಿಗೆ ಬೇಳೆ ಬೇಯುತ್ತಿರುತ್ತದೆ. ಇಪ್ಪತ್ತು ನಿಮಿಷ ಕಳೆದ ಮೇಲೆ ಗ್ಯಾಸ್ ಆರಿಸಿ, ಚೂರುಗಳನ್ನು ಕಾವಲಿಯ ಮೇಲೇ ಬಿಟ್ಟರೆ ಉಳಿದ ಕಾವಿಗೆ ನಡುವಿನ ಹಸಿಯೂ ಆರುತ್ತದೆ. ಹೀಗೆ ಮಾಡಿದ್ದು ಪುಷ್ಯ ಮಳೆಯಲ್ಲೂ ಒಂಬತ್ತು ದಿನ ನಿಂತಿತು. ಒಟಿಜಿಗಿಂತ ಮೂರು ದಿನ ಕಡಿಮೆ, ನಮ್ಮ ಮನೆಗೆ ಅಷ್ಟು ಸಾಕು.

ತುಪ್ಪ, ಮಸಾಲೆ ಮೊದಲೇ ಹಾಕುವುದಿಲ್ಲ. ಒಣ ಚೂರು ಡಬ್ಬಿಯಲ್ಲಿರಲಿ, ಸೂಪು ಕುದಿಯುವಾಗ ಬೇಕಾದಷ್ಟು ತೆಗೆದು, ಜಜ್ಜಿದ ಬೆಳ್ಳುಳ್ಳಿ ಹಾಕಿ ಬಿಸಿ ಮಾಡಿದ ತುಪ್ಪದಲ್ಲಿ ಎರಡು ನಿಮಿಷ ಹೊರಳಿಸಿದರೆ ಆಯಿತು. ಬೆಳ್ಳುಳ್ಳಿ ಕೆಂಪಾಗುವ ಮುಂಚೆ ತೆಗೆಯಬೇಕು, ಸುಟ್ಟರೆ ಕಹಿ. ಬೆಣ್ಣೆ ಬೇಡ, ಅದರಲ್ಲಿ ನೂರಕ್ಕೆ ಸುಮಾರು 16 ಪಾಲು ನೀರೇ ಇರುತ್ತದೆ. ಕಷ್ಟಪಟ್ಟು ಒಣಗಿಸಿದ್ದಕ್ಕೆ ಮತ್ತೆ ನೀರು ಕುಡಿಸಿದ ಹಾಗೆ. ಮೇಲೆ ನಮ್ಮ ತೋಟದ ಕಾಳುಮೆಣಸು ಆಗಷ್ಟೇ ಕುಟ್ಟಿದ್ದು, ಉಪ್ಪು. ಟೊಮೆಟೊ ಸೂಪಿಗೆ ಸರಿ, ತಿಳಿಸಾರಿಗಂತೂ ಇನ್ನೂ ಸರಿ.

ಶಿವಮೊಗ್ಗದಂಥ ಪೇಟೆಯಲ್ಲಿದ್ದು, ಕರೆಂಟಿನ ನಂಬಿಕೆ ಇದ್ದು, ವಾರಕ್ಕೆ ಒಂದು ಪ್ಯಾಕೆಟ್ ಬ್ರೆಡ್ ಉಳಿಯುವ ಮನೆಯಾದರೆ ಒಟಿಜಿಗೇ ದುಡ್ಡು ಹಾಕಿ, ಕೇಕಿಗೂ ಆಗುತ್ತದೆ. ಕ್ರೂಟಾನ್ ಮಾಡಬೇಕು ಅಂತಲೇ ಏರ್ ಫ್ರೈಯರ್ ಕೊಳ್ಳಬೇಡಿ. ಹಲಸಿನ ಬೀಜ ಹುರಿಯಲು, ಬದನೆ ಹೋಳು ಸುಡಲು ಅದು ಚೆನ್ನಾಗಿದೆ, ಆ ಕೆಲಸಕ್ಕೆ ನಮ್ಮಲ್ಲೂ ಉಳಿದಿದೆ. ಮನೆಯಲ್ಲಿ ಬೀಡಿನ ಕಾವಲಿ ಇದ್ದರೆ ಮೊದಲು ನಾಲ್ಕು ಹೋಳಿನಲ್ಲಿ ಮಾಡಿ ನೋಡಿ. ಕತ್ತರಿಸುವಾಗ ಉದುರಿದ ಪುಡಿಯನ್ನೂ ಕೊನೆಗೆ ಅದೇ ಕಾವಲಿಯಲ್ಲಿ ಒಂದು ಸುತ್ತು ಬಾಡಿಸಿ ಬೇರೆ ಡಬ್ಬಿಗೆ ಹಾಕಿಡಿ, ಕಟ್ಲೆಟ್ಟಿಗೆ ಬರುತ್ತದೆ.