ಕುಸ್ಕೊದ ಹಬ್ಬಕ್ಕೆ ಪ್ಯಾಕೇಜ್ ಬುಕ್ ಮಾಡುವವರೇ, ಸ್ವಲ್ಪ ನಿಲ್ಲಿ

ಜೂನ್‌ನಲ್ಲಿ ಪೆರುವಿನ ಕುಸ್ಕೊಗೆ ಹೋಗುವ ಯೋಚನೆ ಇದ್ದರೆ, ಏಜೆಂಟ್ ಕೈಗೆ ಮುಂಗಡ ಕೊಡುವ ಮೊದಲು ಇದನ್ನು ಓದಿ. 2024ರಲ್ಲಿ ನಮಗೆ ಒಬ್ಬ ಸರಿಯಾಗಿ ಟೋಪಿ ಹಾಕಿದ.

ಅವನು ಮಾರಿದ್ದು ‘ಒಂದೇ ವಾರದಲ್ಲಿ ಎರಡು ಹಬ್ಬ’ ಅನ್ನುವ ಪ್ಯಾಕೇಜ್. ಇಂತಿ ರಾಯ್ಮಿ, ಅಂದರೆ ಇಂಕಾಗಳ ಸೂರ್ಯನ ಹಬ್ಬ, ಪ್ರತಿ ವರ್ಷ ಜೂನ್ 24ಕ್ಕೇ. ಎರಡನೆಯದು ಕಾರ್ಪಸ್ ಕ್ರಿಸ್ಟಿ, ಕ್ರೈಸ್ತರ ಹಬ್ಬ, ಅದು ಹಾಗಲ್ಲ. ಈಸ್ಟರ್ ಕಳೆದು 60 ದಿನಕ್ಕೆ ಬರುತ್ತದೆ, ನಮ್ಮ ಯುಗಾದಿಯ ಹಾಗೆ ತಾರೀಖು ಓಡಾಡುತ್ತದೆ. ಆ ವರ್ಷ ಬಂದಿದ್ದು ಮೇ 30ಕ್ಕೆ. ಬೇರೆ ಬೇರೆ ಚರ್ಚುಗಳಿಂದ ಸಂತರ ಮತ್ತು ಮೇರಿಯ 15 ಮೂರ್ತಿಗಳನ್ನು ಹೊತ್ತು ತಂದು ಕ್ಯಾಥೆಡ್ರಲ್‌ನಲ್ಲಿ ಕೂರಿಸುತ್ತಾರೆ, ವಾರ ಕಳೆದ ಮೇಲೆ ಮೆರವಣಿಗೆಯಲ್ಲೇ ವಾಪಸ್. ನಾವು ಹೋಗುವಷ್ಟರಲ್ಲಿ ಎಲ್ಲವೂ ಮನೆ ಸೇರಿದ್ದವು. 2025ರಲ್ಲಿ ಅದು ಜೂನ್ 19ಕ್ಕೆ ಬಂತು, ಆಗ ನಿಜಕ್ಕೂ ಒಂದೇ ವಾರ. 2026ಕ್ಕೆ ಜೂನ್ 4. ಕ್ಯಾಲೆಂಡರ್ ನೋಡಿ, ಬ್ರೋಷರ್ ಅಲ್ಲ.

ಇನ್ನು ‘ಮೂರೂ ಕಡೆ ವಿಐಪಿ ಸೀಟು’ ಅನ್ನುವ ಕಥೆ. ಇಂತಿ ರಾಯ್ಮಿ ಬೆಳಿಗ್ಗೆ ಇಂಕಾಗಳ ಹಳೆಯ ಸೂರ್ಯ ದೇಗುಲ ಕೋರಿಕಾಂಚದಲ್ಲಿ ಶುರುವಾಗಿ, ಊರ ನಡುವಿನ ಪ್ಲಾಸಾ ದೆ ಆರ್ಮಾಸ್‌ಗೆ ಬಂದು, ಮಧ್ಯಾಹ್ನ ಸಾಕ್ಸಾಯ್‌ವಮಾನ್ ಕೋಟೆಗೆ ಏರುತ್ತದೆ. ಮೊದಲ ಎರಡು ಜಾಗದಲ್ಲಿ ಯಾರು ಬೇಕಾದರೂ ನಿಂತು ನೋಡಬಹುದು, ದುಡ್ಡಿಲ್ಲ. ಬೇಗ ಹೋಗಿ ಜಾಗ ಹಿಡಿಯಬೇಕು ಅಷ್ಟೇ. ಇದಕ್ಕೂ ಅವನು ರೇಟು ಹಾಕಿದ್ದ!

ಕೋಟೆಯ ಗ್ಯಾಲರಿಗೆ ಮಾತ್ರ ಟಿಕೆಟ್ ಬೇಕು. ನಮ್ಮ ಕೈಯಲ್ಲಿದ್ದದ್ದು ಅವನ ಲೋಗೋ ಇರುವ ಒಂದು ವೋಚರ್. ಗೇಟಿನವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಕ್ಯೂಆರ್ ಸ್ಕ್ಯಾನ್ ಮಾಡಿದರೆ ಏಜೆಂಟನದೇ ಜಾಹೀರಾತು ತೆರೆಯಿತು. ಗೇಟಿನವನು ಸುಮ್ನೆ ಎದುರಿನ ಗುಡ್ಡದ ಕಡೆ ಕೈ ತೋರಿಸಿದ. ಅಲ್ಲಿ ಪುಕ್ಕಟೆ ನೋಡುವ ಊರಿನವರ ಜನಸಾಗರ. ಪಲ್ಲಕ್ಕಿ ಮೇಲಿನ ಇಂಕಾ ರಾಜನ ವೇಷಧಾರಿ ಹೆಬ್ಬೆರಳಷ್ಟು ಕಂಡ. ಮಾತೆಲ್ಲ ಅಲ್ಲಿನ ಕ್ವೆಚುವಾ ಭಾಷೆಯಲ್ಲಿ, ಅದೂ ಗಾಳಿಗೆ ಹೋಯಿತು. ಪಕ್ಕದಲ್ಲೊಂದು ಕುಟುಂಬ ಮಣ್ಣಿನ ಹೆಂಟೆ ಪೇರಿಸಿದ ಒಲೆಯಲ್ಲಿ ಆಲೂಗಡ್ಡೆ ಸುಡುತ್ತಿತ್ತು, ನಮಗೂ ಕೊಟ್ಟರು. ಆ ದಿನ ಸಿಕ್ಕ ಒಳ್ಳೆಯದು ಅದೊಂದೇ. (ಸಸ್ಯಾಹಾರಿಗಳೇ, ಕಾರ್ಪಸ್‌ನ ಚಿರಿಯುಚು ತಟ್ಟೆ ನಿಮಗಲ್ಲ, ಅದರಲ್ಲಿ ಗಿನಿಪಿಗ್ ಇರುತ್ತದೆ.)

ಹಬ್ಬ ನಡೆಸುವುದು ಎಮುಫೆಕ್ ಅನ್ನುವ ನಗರಸಭೆಯ ಸಂಸ್ಥೆ. ಯಾರ ಮೂಲಕ ಹೋದರೂ ಅಸಲಿ ಟಿಕೆಟ್ ತೋರಿಸಿ ಅನ್ನಿ. ತೋರಿಸದಿದ್ದರೆ ಬಾಕಿ ದುಡ್ಡು ಕೊಡಲೇಬೇಡಿ.

ಇನ್ನೊಂದು ವಿಷಯ. ಕುಸ್ಕೊ ಸುಮಾರು 3,400 ಮೀಟರ್ ಎತ್ತರದಲ್ಲಿದೆ, ರಾಜಧಾನಿ ಲೀಮಾ ಕಡಲ ಪಕ್ಕದ ಊರು. ಹಬ್ಬದ ಹಿಂದಿನ ಸಂಜೆ ಏಜೆಂಟ್ ನಮ್ಮನ್ನು ಅಲ್ಲಿಂದ ನೇರವಾಗಿ ವಿಮಾನದಲ್ಲಿ ತಂದು ಇಳಿಸಿದ. ಅಮ್ಮನಿಗೆ ರಾತ್ರಿಯಿಡೀ ತಲೆನೋವು, ವಾಂತಿ. ಬೆಳಿಗ್ಗೆ ಅವರು ಕೋಣೆ ಬಿಟ್ಟು ಹೊರಗೇ ಬರಲಿಲ್ಲ. ಎರಡು ಮೂರು ದಿನ ಮೊದಲೇ ಹೋಗಿ, ಅಥವಾ ಇನ್ನೂ ತಗ್ಗಿನಲ್ಲಿರುವ ಉರುಬಾಂಬ ಕಣಿವೆಯಲ್ಲಿ ಉಳಿದುಕೊಳ್ಳಿ.

ದುಡ್ಡು ವಾಪಸ್ ಕೇಳಿದ್ದಕ್ಕೆ ಅವನ ಉತ್ತರ: “ಹಬ್ಬ ನೋಡಿದ್ರಿ ಅಲ್ವಾ ಸಾರ್, ಗುಡ್ಡದಿಂದ ವ್ಯೂ ಇನ್ನೂ ಚೆನ್ನಾಗಿರುತ್ತೆ.” ಆಮೇಲೆ ಫೋನ್ ಎತ್ತಿಲ್ಲ.