ಟ್ರಾನ್ಸಿಸ್ಟರ್, ಡಿಶ್, ಆ್ಯಪ್: ನಮ್ಮನೆಯಲ್ಲಿ ಆಕಾಶವಾಣಿಗೆ ಮೂರು ದಾರಿ

ಆಕಾಶವಾಣಿ ಕೇಳಬೇಕು ಅಂದರೆ ಈಗ ರೇಡಿಯೋ ಸೆಟ್ಟೇ ಬೇಕೆಂದಿಲ್ಲ. ಚಾವಣಿ ಮೇಲಿನ ಡಿಶ್ ಇದ್ದರೂ ಸಾಕು, ಫೋನ್ ಇದ್ದರೂ ಸಾಕು. ಹೊಸನಗರದ ಕಡೆ ಇರುವ ನಮ್ಮ ಮನೆಯಲ್ಲಿ ಮೂರೂ ಇವೆ. ಹಳೇ ಟ್ರಾನ್ಸಿಸ್ಟರ್‌ನಲ್ಲಿ ಮೀಡಿಯಂ ವೇವ್, ಟಿವಿಯ ಡಿಡಿ ಫ್ರೀ ಡಿಶ್ ಬಾಕ್ಸಿನಲ್ಲಿ ಉಪಗ್ರಹದಿಂದ ಬರುವ ರೇಡಿಯೋ, ಫೋನಿನಲ್ಲಿ ನ್ಯೂಸ್ ಆನ್ ಏರ್ ಆ್ಯಪ್. ಬೇಸಿಗೆಯಲ್ಲೂ ಮಳೆಗಾಲದಲ್ಲೂ ಮೂರನ್ನೂ ಕೇಳಿದ್ದೇನೆ. ಎಫ್‌ಎಂ ಲೆಕ್ಕಕ್ಕೆ ತಗೊಂಡಿಲ್ಲ. ಅದರ ಅಲೆ ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಮುಗಿಯಿತು. ನಮ್ಮ ಸುತ್ತ ಗುಡ್ಡ ಬಿಟ್ಟರೆ ಬೇರೇನಿದೆ?

ಧ್ವನಿಯ ಮಾತು ಬಂದರೆ ಡಿಶ್ ಮುಂದೆ ಟ್ರಾನ್ಸಿಸ್ಟರ್ ನಿಲ್ಲುವುದೇ ಇಲ್ಲ. ಇದು ಸೆಟ್ಟಿನ ತಪ್ಪಲ್ಲ. ಮೀಡಿಯಂ ವೇವ್‌ನಲ್ಲಿ ಒಂದು ಕೇಂದ್ರಕ್ಕೂ ಇನ್ನೊಂದಕ್ಕೂ 9 ಕಿಲೋಹರ್ಟ್ಜ್ ಅಂತರ ಅಷ್ಟೇ. ಅಷ್ಟು ಇಕ್ಕಟ್ಟಿನಲ್ಲಿ ಮಾತು ಚೆನ್ನಾಗಿ ಬರುತ್ತದೆ, ಸಂಗೀತ ಮಾತ್ರ ಅರ್ಧಂಬರ್ಧ. ತಂಬೂರಿಯ ಮೇಲಿನ ಝೇಂಕಾರ ಕೇಳಿಸುವುದಿಲ್ಲ, ವೀಣೆಯ ಮೀಟು ಮೊಂಡಾಗಿ ಕೇಳುತ್ತದೆ. ಅದೇ ಡಿಶ್‌ನಲ್ಲಿ ರಾಗಂ ಹಾಕಿ ನೋಡಿ. ಇದು ಆಕಾಶವಾಣಿಯ 24 ಗಂಟೆಯ ಶಾಸ್ತ್ರೀಯ ಸಂಗೀತ ವಾಹಿನಿ. 2016ರ ಜನವರಿ 26ರಂದು ಬೆಂಗಳೂರಿನಿಂದ ಶುರುವಾಯಿತು. ಗಾಯಕರು ಆಲಾಪನೆಯ ನಡುವೆ ಉಸಿರು ತೆಗೆದುಕೊಳ್ಳುವುದೂ ಇಲ್ಲಿ ಕೇಳುತ್ತದೆ. ಬೆಂಗಳೂರಿನವರಿಗೆ ಎಫ್‌ಎಂ 100.1ರಲ್ಲಿ ಅಮೃತವರ್ಷಿಣಿ ಎಂಬ ಶಾಸ್ತ್ರೀಯ ಸಂಗೀತದ ವಾಹಿನಿ ಇತ್ತು. ನಮ್ಮಂಥ ಊರಿಗೆ ದಿನವಿಡೀ ಶಾಸ್ತ್ರೀಯ ಸಂಗೀತ ಬಂದಿದ್ದು ಈ ದಾರಿಯಲ್ಲೇ. ಇದೊಂದಕ್ಕೇ ಡಿಶ್ ಹಾಕಿಸಿದರೂ ನಷ್ಟವಿಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತಿಂಗಳ ಬಾಡಿಗೆ ಅನ್ನುವುದೂ ಇಲ್ಲ, ಬಾಕ್ಸು ಮತ್ತು ತಟ್ಟೆಯ ಖರ್ಚು ಒಂದು ಸಲದ್ದು.

ಆದರೆ ರೇಡಿಯೋ ಕೇಳೋಕೆ ಟಿವಿ ಹಾಕಬೇಕಲ್ಲ, ಅದೇ ಕಿರಿಕಿರಿ. ದೊಡ್ಡ ಪರದೆ ಉರಿಯುತ್ತಾ ಇರುತ್ತದೆ, ಅದರಲ್ಲಿ ಚಾನೆಲ್ ಹೆಸರು ಬಿಟ್ಟರೆ ಏನೂ ಇಲ್ಲ. ಇದಕ್ಕೊಂದು ಉಪಾಯ ಇದೆ. ಬಾಕ್ಸಿನ ಹಿಂದೆ ಹಳದಿ, ಕೆಂಪು, ಬಿಳಿ ಮೂರು ತೂತುಗಳಿರುತ್ತವೆ. ಹಳದಿ ಚಿತ್ರಕ್ಕೆ, ಉಳಿದೆರಡು ಧ್ವನಿಗೆ. ಕೆಂಪು ಬಿಳಿ ವೈರುಗಳನ್ನು ಸೀದಾ ಸ್ಪೀಕರಿಗೆ ಹಾಕಿ, ಹಳದಿಯನ್ನು ಹಾಗೇ ಬಿಡಿ. ನಮ್ಮ ಬಾಕ್ಸು ಆರಿಸುವಾಗ ಯಾವ ಚಾನೆಲ್ ಇತ್ತೋ ಅದರಲ್ಲೇ ಮತ್ತೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ರಾತ್ರಿ ರಾಗಂನಲ್ಲಿ ಬಿಟ್ಟರೆ ಬೆಳಿಗ್ಗೆ ಸ್ವಿಚ್ ಒತ್ತಿದ ತಕ್ಷಣ ಹಾಡು. ಚಾನೆಲ್ ಬದಲಿಸಬೇಕು ಅಂದರೆ ಮಾತ್ರ ಪರದೆ ಇಲ್ಲದೆ ಕಷ್ಟ. ಬೇಕಾದ ನಂಬರುಗಳನ್ನು ಚೀಟಿಯಲ್ಲಿ ಬರೆದು ರಿಮೋಟಿನ ಬೆನ್ನಿಗೆ ಅಂಟಿಸಿದ್ದೇವೆ.

ಮಳೆಗಾಲದಲ್ಲಿ ಆಟ ಪೂರ್ತಿ ತಿರುಗುತ್ತದೆ. ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, 36,000 ಕಿಲೋಮೀಟರ್ ಎತ್ತರದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. ಅದರ ಅಲೆಯ ಉದ್ದ ಸುಮಾರು 2.7 ಸೆಂಟಿಮೀಟರ್. ಇಷ್ಟು ಚಿಕ್ಕ ಅಲೆಯನ್ನು ದಪ್ಪ ಹನಿಯ ಮಳೆ ಹೀರಿಬಿಡುತ್ತದೆ. ನಮ್ಮ ಟ್ರಾನ್ಸಿಸ್ಟರ್‌ಗೆ ಬರುವ ಭದ್ರಾವತಿ ಆಕಾಶವಾಣಿ ಕೇಂದ್ರದ 675 ಕಿಲೋಹರ್ಟ್ಜ್ ಅಲೆಯ ಉದ್ದ 444 ಮೀಟರ್. ಅದಕ್ಕೆ ಮಳೆಹನಿ ಲೆಕ್ಕಕ್ಕೇ ಇಲ್ಲ. ಗುಡುಗು ಸಿಡಿಲಿದ್ದರೆ ಚಟಪಟ ಸದ್ದು ಬರುತ್ತದೆ, ಮಾತು ನಿಲ್ಲುವುದಿಲ್ಲ. ಆಷಾಢದಲ್ಲಿ ಕರೆಂಟು ಹೋಯಿತೋ ಡಿಶ್ ಕಥೆ ಮುಗಿಯಿತು. ಟ್ರಾನ್ಸಿಸ್ಟರ್‌ಗೆ ಎರಡು ಸೆಲ್ ಸಾಕು. ಎಲ್ಲಿ ಮರ ಬಿದ್ದಿದೆ, ಯಾವ ರಸ್ತೆ ಬಂದ್ ಆಗಿದೆ ಎಂದು ತಿಳಿಯಬೇಕಾದ ದಿನವೇ ಡಿಶ್ ಬಾಯಿ ಮುಚ್ಚಿಕೊಂಡರೆ ಏನು ಮಾಡೋದು ಹೇಳಿ.

ಬಿಸಿಲು ದಿನದಲ್ಲಿ ಟ್ರಾನ್ಸಿಸ್ಟರ್‌ಗೂ ಅದರದೇ ಕಾಟ ಇದೆ. ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್, ಇನ್ವರ್ಟರ್ ಎಲ್ಲವೂ ಕರಕರ ಸೇರಿಸುತ್ತವೆ. ಸೆಟ್ಟಿನ ಒಳಗಿನ ಫೆರೈಟ್ ಕಡ್ಡಿಯೇ ಆಂಟೆನಾ. ಸೆಟ್ಟನ್ನು ಕಿಟಕಿಯ ಹತ್ತಿರ ಇಟ್ಟು ನಿಧಾನಕ್ಕೆ ತಿರುಗಿಸುತ್ತಾ ಬಂದರೆ ಒಂದು ಕಡೆ ಗದ್ದಲ ಇಳಿದು ಮಾತು ಎದ್ದು ಬರುತ್ತದೆ. ಅಮ್ಮನಿಗೆ ಈ ಕೋನ ಕೈಗೇ ಗೊತ್ತು.

ಬೆಳಗಿನ ಪ್ರದೇಶ ಸಮಾಚಾರದ ಹೊತ್ತಿಗೆ ಮೂರನ್ನೂ ಒಟ್ಟಿಗೆ ಹಾಕಿ ಕೇಳಿದ್ದೇನೆ. ಮೊದಲು ಟ್ರಾನ್ಸಿಸ್ಟರ್, ಅದರ ಬೆನ್ನಿಗೆ ಡಿಶ್, ತುಂಬಾ ತಡವಾಗಿ ಆ್ಯಪ್. ಉಪಗ್ರಹಕ್ಕೆ ಹೋಗಿ ಬರುವುದಕ್ಕೆ ಕಾಲು ಸೆಕೆಂಡು ಸಾಕು. ಉಳಿದ ತಡವೆಲ್ಲ ಧ್ವನಿಯನ್ನು ಡಿಜಿಟಲ್ ಮಾಡಿ ಮತ್ತೆ ಬಿಡಿಸುವ ಕೆಲಸದ್ದು. ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಬೆಂಗಳೂರಿನ ಸಮಾಚಾರ ಜಿಲ್ಲೆಗಳ ಕೇಂದ್ರಗಳಿಗೆ ತಲುಪುವುದೂ ಉಪಗ್ರಹದ ಮೂಲಕವೇ. ಅಲ್ಲಿಂದ ಮುಂದೆ ಅದು ಮೀಡಿಯಂ ವೇವ್ ಆಗುತ್ತದೆ. ಅಂದರೆ ಅಮ್ಮನ ಟ್ರಾನ್ಸಿಸ್ಟರ್ ಕೂಡ ಅರ್ಧ ದಾರಿ ಉಪಗ್ರಹದ್ದೇ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವ್ಯತ್ಯಾಸಕ್ಕೆ ಬರುತ್ತೇನೆ. ಡಿಶ್‌ನಲ್ಲಿ 48 ರೇಡಿಯೋ ವಾಹಿನಿಗಳಿವೆ. ತಮಿಳು, ತೆಲುಗು, ಮರಾಠಿ, ಬಂಗಾಳಿ ಎಲ್ಲ ಸಿಗುತ್ತವೆ. ಕನ್ನಡಕ್ಕೂ ಜಾಗ ಇದೆ. ಆದರೆ ನಮ್ಮ ಬಾಕ್ಸಿನ ಪಟ್ಟಿಯಲ್ಲಿ ಭದ್ರಾವತಿ ಇಲ್ಲ. ಮಳೆ ಹಿಡಿಯುವ ಮೊದಲು ಅಡಿಕೆ ಕೊನೆಗೆ ಕೊಳೆ ರೋಗದ ಔಷಧಿ ಹೊಡೆಯಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಬಿಡದಿದ್ದರೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಈ ಮಾತನ್ನು ನಮ್ಮ ಕಡೆಯ ರೈತರ ಬಾಯಲ್ಲೇ, ನಮ್ಮ ಮಳೆಯ ಲೆಕ್ಕದಲ್ಲೇ ಕೇಳಿಸುವುದು ಭದ್ರಾವತಿ. ಹಾಗೇ ಕೊಡಗಿನವರಿಗೆ ಮಡಿಕೇರಿ ಕೇಂದ್ರ, ಹಾಸನದವರಿಗೆ ಹಾಸನ ಕೇಂದ್ರ.

ಎಲ್ಲರೂ ಡಿಶ್‌ಗೆ ಹೋದರೆ ಊರಿನ ಕೇಂದ್ರದ ಗತಿ ಏನು? ಅಮೆರಿಕದ ಸಾರ್ವಜನಿಕ ರೇಡಿಯೋಗೂ ಇದೇ ಪ್ರಶ್ನೆ ಎದುರಾಗಿತ್ತು. 2001ರಲ್ಲಿ ಎಕ್ಸ್‌ಎಂ, ಮರುವರ್ಷ ಸಿರಿಯಸ್ ಎಂಬ ಉಪಗ್ರಹ ರೇಡಿಯೋಗಳು ಅಲ್ಲಿ ಶುರುವಾದವು. ಅಲ್ಲಿನ ಸಾರ್ವಜನಿಕ ರೇಡಿಯೋ ಸಂಸ್ಥೆ ಎನ್‌ಪಿಆರ್ ಸಿರಿಯಸ್‌ಗೆ ತನ್ನ ಕಾರ್ಯಕ್ರಮಗಳನ್ನು ಕೊಟ್ಟಿತು, ಆದರೆ ಜನ ಅತಿ ಹೆಚ್ಚು ಕೇಳುತ್ತಿದ್ದ ಮಾರ್ನಿಂಗ್ ಎಡಿಷನ್ ಮತ್ತು ಆಲ್ ಥಿಂಗ್ಸ್ ಕನ್ಸಿಡರ್ಡ್ ಎರಡನ್ನು ಆಗ ಕೊಡಲಿಲ್ಲ. ಅಲ್ಲಿನ ಊರೂರ ಕೇಂದ್ರಗಳು ಕೇಳುಗರ ದೇಣಿಗೆಯನ್ನು ನೆಚ್ಚಿಕೊಂಡಿವೆ. ಕೇಳುಗರೆಲ್ಲ ಉಪಗ್ರಹಕ್ಕೆ ಹೋದರೆ ಆ ಕೇಂದ್ರಗಳು ಬದುಕುವುದು ಹೇಗೆ ಎಂಬ ಚಿಂತೆ. ನಮ್ಮಲ್ಲಿ ದೇಣಿಗೆಯ ಪದ್ಧತಿ ಇಲ್ಲ, ಆದರೆ ಕೇಳುಗರಿಲ್ಲದ ಕೇಂದ್ರಕ್ಕೆ ಯಾರು ಹೊಸ ಟ್ರಾನ್ಸ್‌ಮಿಟರ್ ಹಾಕುತ್ತಾರೆ?

ಆ್ಯಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಿಗ್ನಲ್ ಇದ್ದ ಕಡೆ ಅದು ಚಿನ್ನ. 200ಕ್ಕೂ ಹೆಚ್ಚು ವಾಹಿನಿಗಳಿವೆ. ನಾಗಪುರದಲ್ಲಿರುವ ನಮ್ಮಕ್ಕ ಊರಿನ ಸುದ್ದಿಗೆ ನಂಬಿಕೊಂಡಿರುವುದು ಅದನ್ನೇ. ಅವಳ ಮನೆಯ ಡಿಶ್‌ನಲ್ಲೂ ಕನ್ನಡ ವಾಹಿನಿ ಬರುತ್ತದೆ, ಅತ್ತೆ ಮಾವ ಅದನ್ನೇ ಕೇಳುತ್ತಾರೆ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ. ಅಡುಗೆ ಮಾಡುತ್ತಾ ಕೇಳೋಕಾಗುವುದಿಲ್ಲ.

ದುಡ್ಡು ಕೊಟ್ಟು ಕೇಳುವ ಉಪಗ್ರಹ ರೇಡಿಯೋ ನಮ್ಮ ದೇಶದಲ್ಲೂ ಇತ್ತು. ವರ್ಲ್ಡ್‌ಸ್ಪೇಸ್ ಎಂಬ ಆ ಸೇವೆಯಲ್ಲಿ ಸ್ಪರ್ಶ ಎಂಬ ಕನ್ನಡ ವಾಹಿನಿಯೂ ಇತ್ತು. 2009ರ ಕೊನೆಗೆ ಸೇವೆ ನಿಂತಾಗ ಅದರ ಸೆಟ್ಟುಗಳಿಗೆ ಬೇರೆ ಉಪಯೋಗವೇ ಉಳಿಯಲಿಲ್ಲ. ಫ್ರೀ ಡಿಶ್ ಆಕಾಶವಾಣಿ, ದೂರದರ್ಶನ ಎರಡನ್ನೂ ನಡೆಸುವ ಸಾರ್ವಜನಿಕ ಸಂಸ್ಥೆ ಪ್ರಸಾರ ಭಾರತಿಯದು, ಅದಕ್ಕೇ ನನಗೆ ಅದರ ಮೇಲೆ ಹೆಚ್ಚು ಭರವಸೆ.

ಹೊಸದಾಗಿ ಬಾಕ್ಸು ಕೊಳ್ಳುವವರು ಅಂಗಡಿಯಲ್ಲೇ ರಿಮೋಟಿನಲ್ಲಿ ರೇಡಿಯೋ ಗುಂಡಿ ಇದೆಯಾ, ಹಿಂದೆ ಕೆಂಪು ಬಿಳಿ ತೂತು ಇದೆಯಾ ನೋಡಿಕೊಳ್ಳಿ. ಟ್ರಾನ್ಸಿಸ್ಟರ್ ಇದ್ದರೆ ಗುಜರಿಗೆ ಹಾಕಬೇಡಿ. ಇನ್ನು ಪ್ರಸಾರ ಭಾರತಿಯವರಲ್ಲಿ ಒಂದು ಕೇಳಿಕೆ. ಒಂದು ಟಿವಿ ಚಾನೆಲ್ ಹಿಡಿಯುವ ಜಾಗದಲ್ಲಿ ಹತ್ತು ರೇಡಿಯೋ ಸಲೀಸಾಗಿ ಕೂರುತ್ತವೆ. ಭದ್ರಾವತಿ, ಮಡಿಕೇರಿ, ಹಾಸನ, ಚಿತ್ರದುರ್ಗ, ಕಾರವಾರ, ಹೊಸಪೇಟೆ, ಎಲ್ಲವನ್ನೂ ಡಿಶ್‌ಗೆ ಹತ್ತಿಸಿ.